ಬೊಗಳೆ

ಟೀವಿಯಲ್ಲಿ ಅವನು ಮತ್ತೆ ಬಂದ.
ಮಲ್ಲಾಪುರದ ಪಡ್ತಿ ಹೋಟೆಲಿನಲ್ಲಿ
ಮಿಸಳ್‌ಗೆ ಶೇವು ಉದುರಿಸುತ್ತಿದ್ದ ಕೈ ನಿಲ್ಲಲಿಲ್ಲ.
ಬಾಗಿಲು ಹಾಕಿಕೊಂಡ ಅದ್ಯಾವುದೋ ದೇಶ,
ದುರ್ಬೀನು ಹಿಡಿದ ದೊರೆ,
ಹಿಂದೆ ಅವನ ಮಾತು ಬರೆದುಕೊಳ್ಳುತ್ತ ನಿಂತ ಮುದಿ ಸೇನಾಪತಿಗಳು;
ಮೂರು ನಗರ ಬೂದಿ ಮಾಡುತ್ತಾನಂತೆ.
'ಬರೀ ಬೊಗಳೆ,' ಅಂದ ವಿಠೋಬಾ ಪಡ್ತಿ,
'ಬೊಗಳೋ ನಾಯಿ ಕಚ್ಚೂದಿಲ್ಲ ಅಕ್ಕೋರೆ.
ಚಾಕ್ಕೆ ಸಕ್ಕರೆ ಎಷ್ಟು?'

ಸಕ್ಕರೆ ಬೇಡ ಅಂದೆ.
ಗಾದೆಗೆ ಏನೂ ಅನ್ನಲಿಲ್ಲ.

ಹತ್ತೊಂಬತ್ತು ವರ್ಷದಿಂದ ಸರಕಾರಿ ಆಸ್ಪತ್ರೆಯ
ಔಷಧಿ ಕಿಟಕಿಯ ಹಿಂದೆ ನಾನು.
ನಾಯಿ ಕಚ್ಚಿದವರ ರಿಜಿಸ್ಟರು ನನ್ನ ಅಕ್ಷರದಲ್ಲೇ ಇದೆ:
ಹೆಸರು, ಊರು, ಕಚ್ಚಿದ ಜಾಗ, ಎಷ್ಟನೇ ಸೂಜಿ.
ಸರಕಾರ ಕೇಳದ ಒಂದನ್ನು ನಾನಾಗಿ ಕೇಳುತ್ತೇನೆ:
ಬೊಗಳಿತ್ತೆ?
ದಿನಾ ಬೊಗಳ್ತಿತ್ತು ಅಕ್ಕೋರೆ,
ಅದಕ್ಕೇ ಲಕ್ಷ್ಯ ಕೊಡಲಿಲ್ಲ.

ಕದ್ರಾದ ಕಂತ್ರಾಟುದಾರನ ಗೇಟಿನ ನಾಯಿ
ಕಣ್ಣು ಬಿಟ್ಟಂದಿನಿಂದ ಸರಪಳಿಯಲ್ಲಿ.
ಒಂದು ಕೈಯ ವಾಸನೆಯನ್ನೂ ಅರಿಯದು.
ಹೋಗಿಬರುವವರು ಕಲ್ಲೆಸೆದು ನಗುತ್ತಿದ್ದರು.
ಸರಪಳಿ ಹರಿದ ದಿನ ಅದು ಕಚ್ಚಿದ್ದು
ಕಲ್ಲೆಸೆದವರನ್ನಲ್ಲ;
ಪಾಟಿಚೀಲ ಹೊತ್ತು ಶಾಲೆಗೆ ಹೊರಟಿದ್ದ
ಎಂಟು ವರ್ಷದ ಮೀನಲಳನ್ನು.

ನಮ್ಮ ಬೀರಣ್ಣ ಗೌಡ ಗಾಯಕ್ಕೆ ಪಟ್ಟಿ ಕಟ್ಟುವವನು,
ನಾಯಿಗಳ ಗಂಟಲು ಬಲ್ಲವನು, ಹೇಳುತ್ತಾನೆ:
'ಹುಚ್ಚು ಹಿಡೀತಿದ್ರೆ ಮೊದಲು ದನಿ ಒಡೀತದೆ.
ಆಮೇಲೆ ಗಂಟಲೇ ಕಟ್ತದೆ.
ಬೊಗಳೂದು ನಿಲ್ಸಿದ ನಾಯಿ ಕಂಡ್ರೆ
ಮಕ್ಕಳನ್ನ ಒಳಗೆ ಎಳ್ಕೊಳ್ಳಿ.'
ಅಂದಿನಿಂದ ನಾನು ಸುದ್ದಿ ಕೇಳುವುದು ಬೀರಣ್ಣನ ಕಿವಿಯಲ್ಲಿ:
ಏನಂದ ಎಂದಲ್ಲ,
ಹೋದ ವಾರದ್ದೇ ದನಿಯೋ ಎಂದು.

(ಭಾನುವಾರ ಪೇಟೆಗೆ ಹೋದರೆ
ಅರಗಾದ ಕಡೆ ನಿಂತಿರುತ್ತವೆ ನಮ್ಮವೇ ಬೂದು ಹಡಗುಗಳು.
ಅವು ಬೊಗಳುವುದೇ ಇಲ್ಲ.
ಅವುಗಳ ವಿಷಯ ಬೀರಣ್ಣನಿಗೂ ತಿಳಿಯದು.)

ಕಳೆದ ಮಾಗಿಯಲ್ಲಿ ಅಣುಸ್ಥಾವರದವರ ಅಣಕು ಕವಾಯತು.
ಸೈರನ್ ಕೂಗಿದರೆ ಒಳಗೆ ಹೋಗಿ, ಕದ ಕಿಟಕಿ ಮುಚ್ಚಿ ಎಂದು
ರಿಕ್ಷಾದ ಮೈಕು ಮೂರು ದಿನ ಬಡಿದುಕೊಂಡಿತ್ತು.
ಸೈರನ್ ಕೂಗಿತು.
ಊರಿಗೆ ಊರೇ ಹೊರಗೆ ಬಂತು, ಏನೆಂದು ನೋಡಲು.
ಪ್ರೇಮಾವತಿ ತಾಂಡೇಲ ಬುಟ್ಟಿ ಇಳಿಸಿ
ಕವಾಯತಿನ ಸಾಹೇಬರಿಗೇ ಎರಡು ಡಜನ್ ಬಾಂಗಡೆ ಮಾರಿದಳು.
ನಾನೂ ನಕ್ಕೆ.
ರಾತ್ರಿ ನಿದ್ದೆ ಹತ್ತಲಿಲ್ಲ.
ಆ ದೇಶದಲ್ಲಿ ಸೈರನ್ ಕೂಗಿ ಎಷ್ಟು ತಲೆಮಾರಾಯಿತೋ,
ಇನ್ನೂ ಒಳಗೇ ಇದ್ದಾರೆ ಅವರು,
ಕದ ಮುಚ್ಚಿ, ಕಿಟಕಿ ಮುಚ್ಚಿ.
ಅಲ್ಲಿಯೂ ಒಂದು ಔಷಧಿ ಕಿಟಕಿ ಇದ್ದೀತು,
ಹಿಂದೆ ಒಬ್ಬಳು, ಖಾಲಿ ಡಬ್ಬಿಗಳನ್ನು ಒರೆಸುತ್ತ.

ಹಾಗಾದರೆ ಹೆದರಬೇಕೆ, ಪಡ್ತಿ ಕೇಳಿದ.
ಹೆದರಿದರೆ ಅವನಿಗೆ ಊಟ ಹಾಕಿದ ಹಾಗೆ,
ನಕ್ಕರೆ ಕಲ್ಲೆಸೆದ ಹಾಗೆ.
ಮತ್ತೇನು ಮಾಡೂದು ಹೇಳಿ ಅಂದ.
ನನಗೆ ಗೊತ್ತಿಲ್ಲ, ಬಿಲ್ಲು ಕೊಡು ಅಂದೆ.

ಈ ತಿಂಗಳು ಅಯೋಡಿನ್ ಮಾತ್ರೆಗಳ ಅವಧಿ ಮುಗಿಯಿತು.
ಬಾಂಬಿನ ಮುಂದೆ ಇವು ಏನೂ ಅಲ್ಲ, ಬಲ್ಲೆ;
ಕುತ್ತಿಗೆಯೊಳಗಿನ ಒಂದು ಗ್ರಂಥಿಯನ್ನು ಕಾಯುತ್ತವೆ, ಅಷ್ಟೆ.
ಕಾರವಾರದ ಗುಮಾಸ್ತ ಫೋನಿನಲ್ಲಿ ಗೊಣಗಿದ:
'ಹೋದ ಸಲದ್ದು ಒಂದೂ ಖರ್ಚಾಗಿಲ್ಲ.
ಮತ್ತೆ ಯಾಕೆ ಅಷ್ಟು?'
ಈ ಸಲದ್ದೂ ಖರ್ಚಾಗದಿರಲಿ, ಕಳಿಸಿ ಅಂದೆ.

ಹಳೆಯವನ್ನು ಎಣಿಸಿ ಕಟ್ಟಿಟ್ಟು
ಹೊಸ ಬೇಡಿಕೆ ಬರೆಯಲು ಕೂತೆ, ಮನೆಮನೆ ಲೆಕ್ಕ ಹಿಡಿದು.
ನಿನ್ನೆ ಸಂಜೆ ವಿರ್ಜೆಯಲ್ಲಿ ಹುಟ್ಟಿದ
ಇನ್ನೂ ಹೆಸರಿಡದ ಕೂಸಿಗೆ
ಕಾಲು ಮಾತ್ರೆ.

ಹೊರಗೆ ಯಾವುದೋ ನಾಯಿ.
ಪೆನ್ನು ಎತ್ತಿ ಹಿಡಿದು
ದನಿ ಆಲಿಸಿದೆ.